ನನ್ನ ಮೂಲಕ ಬರುತ್ತಿದ್ದ ಇಂಟರ್ನೆಟ್

ನಾನಿರುವವರೆಗೆ ಈ ಮನೆಯಲ್ಲಿ ರೂಟರ್ ಎಂಬ ಮಾತು ಯಾರೂ ಎತ್ತಕೂಡದು ಎಂದು ನಾನು ಘೋಷಿಸಿದ್ದು ಒಂದು ಭಾನುವಾರ ಬೆಳಗ್ಗೆ, ಬಾಯಲ್ಲಿ ಬ್ರಷ್ ಇಟ್ಟುಕೊಂಡೇ. ಘೋಷಣೆಯ ಅರ್ಧ ಭಾಗ ನೊರೆಯಾಗಿ ಅಂಗಿಯ ಮೇಲೆ ಬಿತ್ತು. ಉಳಿದರ್ಧ ಹೆಂಡತಿಗೆ ಕೇಳಿಸಿತು.

ಹಾಗೆ ಘೋಷಿಸುವ ಹಕ್ಕು ನನಗಿತ್ತು ಎಂದೇ ನನ್ನ ನಂಬಿಕೆ. ಮಿಕ್ಸಿ, ಫ್ರಿಜ್, ಬಟ್ಟೆ ಒಗೆಯುವ ಯಂತ್ರಗಳ ಜೊತೆ ಒಂದು ಪುಟ್ಟ ಪುಸ್ತಕ ಬರುತ್ತದಲ್ಲ, ಯಾರೂ ಓದದೆ ಡ್ರಾಯರಿಗೆ ತುರುಕುವಂಥದ್ದು, ಅದನ್ನು ನಮ್ಮ ಭಾಷೆಗೆ ತರುವ ಮಹಾನುಭಾವ ನಾನೇ. ‘ಒದ್ದೆ ಕೈಯಿಂದ ಮುಟ್ಟಬೇಡಿ’ ಎಂಬ ಅಮರ ವಾಕ್ಯವನ್ನು ನನ್ನಷ್ಟು ಸಲ ಬರೆದವರು ಈ ಭೂಮಿಯ ಮೇಲೆ ಇರಲಾರರು. ಇಂಥವನ ಮನೆಯಲ್ಲಿ ಎರಡು ಕಂಪ್ಯೂಟರಿಗೆ ಇಂಟರ್ನೆಟ್ ಹಂಚಲು ಅಂಗಡಿಯ ಪೆಟ್ಟಿಗೆ ಬೇಕೇ?

ವಿಷಯ ಇಷ್ಟೇ. ಹೆಂಡತಿ ಕೆಲಸ ಮಾಡುತ್ತಿದ್ದ ಉಡುಪಿನಂಗಡಿ ಮುಚ್ಚಿಹೋಗಿತ್ತು. ಕೆಲವು ವಾರ ಮಂಕಾಗಿ ಓಡಾಡಿ, ಕೊನೆಗೊಂದು ದಿನ ಅವಳು ಆನ್‌ಲೈನಿನಲ್ಲಿ ಹೊಲಿಗೆ ಕಲಿಸುತ್ತೇನೆ ಎಂದಳು. ಮೊದಲ ಕ್ಲಾಸು ಬುಧವಾರ ಮಧ್ಯಾಹ್ನ. ಅದು ಹಿಡಿಸಿದರೆ ಜನ ಪೂರ್ತಿ ಕಲಿಯಲು ಸೇರುತ್ತಾರೆ, ಇಲ್ಲದಿದ್ದರೆ ಇಲ್ಲ. ಆದರೆ ಗೋಡೆಯ ಇಂಟರ್ನೆಟ್ ಡಬ್ಬಿಗೆ ಇದ್ದದ್ದು ಒಂದೇ ತೂತು. ಅದರಲ್ಲಿ ನನ್ನ ವೈರು ಕೂತಿತ್ತು. ಅದೇ ಹೊತ್ತಿಗೆ ನಾನು ಒಂದು ಗ್ರೈಂಡರಿನ ಪುಸ್ತಕ ಕಳಿಸಬೇಕಿತ್ತು.

“ನಮ್ಮಣ್ಣ ರೂಟರ್ ತಂದುಕೊಡ್ತೀನಿ ಅಂತಿದಾನೆ ರೀ,” ಎಂದಳು ಅವಳು.

ಭಾವಮೈದುನನ ಹೆಸರು ಬಂದ ಮೇಲೆ ಮುಗಿಯಿತು. ಬೇಡವೆಂದರೆ ಬೇಡ!

ಅಟ್ಟದ ಮೇಲಿದ್ದ ಹಳೇ ಕಂಪ್ಯೂಟರಿನ ಹೊಟ್ಟೆಯಿಂದ ಒಂದು ನೆಟ್‌ವರ್ಕ್ ಕಾರ್ಡು ಕಿತ್ತು ನನ್ನದರ ಹೊಟ್ಟೆಗೆ ಹಾಕಿದೆ. ಗೋಡೆಯಿಂದ ನನ್ನ ಕಂಪ್ಯೂಟರಿಗೆ ಒಂದು ವೈರು. ನನ್ನದರಿಂದ ಹಾಲಿನಲ್ಲಿದ್ದ ಅವಳ ಕಂಪ್ಯೂಟರಿಗೆ ಒಂದು ಉದ್ದನೆಯ ನೀಲಿ ವೈರು. ಅಂದರೆ ಅವಳಿಗೆ ಜಗತ್ತಿನಿಂದ ಏನು ಬರಬೇಕಾದರೂ ನನ್ನ ಮೂಲಕವೇ ಬರಬೇಕು. ಗಂಡನಾದವನಿಗೆ ಇದಕ್ಕಿಂತ ಹೆಚ್ಚಿನ ಪದವಿ ಯಾವುದಿದೆ?

ಉದ್ದನೆಯ ವೈರು ಅಂದೆನಲ್ಲ, ಅಷ್ಟೊಂದು ಉದ್ದವೇನೂ ಇರಲಿಲ್ಲ. ನೆಲಕ್ಕೆ ಬಿಟ್ಟರೆ ಅವಳ ಕಂಪ್ಯೂಟರನ್ನು ಮುಟ್ಟುತ್ತಿರಲಿಲ್ಲ, ಆದ್ದರಿಂದ ಹಾಲಿನ ನಡುವೆ ಸೊಂಟದೆತ್ತರಕ್ಕೆ ಬಿಗಿಯಾಗಿ ನಿಂತಿತು. ಅಮ್ಮ ಕೋಣೆಯಿಂದ ಬಂದವಳು ಅದನ್ನೊಮ್ಮೆ ನೋಡಿ, ಬಹಳ ದಿನದಿಂದ ಹೇಳ್ತಿದ್ದೆ, ಕೊನೆಗೂ ಹಗ್ಗ ಕಟ್ಟಿದೆಯಲ್ಲಪ್ಪಾ ಎಂದು ಒದ್ದೆ ಟವೆಲ್ ಹರವಿದಳು. ‘ಒದ್ದೆ ಕೈಯಿಂದ ಮುಟ್ಟಬೇಡಿ’ ಎಂದು ಬರೆದವನ ಎದೆ ಧಸಕ್ಕೆಂದಿತು. ಆದರೂ ಹೆಂಡತಿಯ ಪರದೆಯ ಮೇಲೆ ಪುಟ ತೆರೆದುಕೊಂಡಿತು. ಅವಳು ನಕ್ಕಳು. ಅಂಗಡಿ ಮುಚ್ಚಿದ ಮೇಲೆ ಆ ನಗುವನ್ನು ನಾನು ನೋಡಿರಲಿಲ್ಲ. ಅದಕ್ಕಾಗಿ ಮನೆಯ ತುಂಬ ವೈರು ಎಳೆಯಲೂ ನಾನು ಸಿದ್ಧನಿದ್ದೆ.

ಒಂದೇ ಒಂದು ಸಣ್ಣ ತೊಡಕಿತ್ತು. ಕಿಟಕಿ ಕಂಡರೆ ಸಾಕು, ನಾನು ಕಳೆದುಹೋಗುವವನು. ಕೆಲಸದ ಮಧ್ಯೆ ಒಂದು ಪದ ಹುಡುಕಲು ತಲೆಯೆತ್ತಿದರೆ ಮೋಡದ ಜೊತೆ ಎಲ್ಲೋ ಹೊರಟುಹೋಗಿರುತ್ತೇನೆ. ನೀವು ಆಕಾಶ ನೋಡುವಾಗ ಆ ಕಂಪ್ಯೂಟರ್ ಯಾಕೆ ಸುಮ್ಮನೆ ಉರಿಯಬೇಕು ಎಂದು ಹೆಂಡತಿ ಗೊಣಗಿದ್ದಕ್ಕೆ, ಮುಟ್ಟದೆ ಬಿಟ್ಟರೆ ಅದು ತಾನೇ ನಿದ್ದೆ ಹೋಗುವ ಹಾಗೆ ಮಾಡಿಟ್ಟಿದ್ದೆ. ಈಗ ಅದು ನಿದ್ದೆ ಹೋದರೆ ಅವಳ ಇಂಟರ್ನೆಟ್ಟೂ ನಿದ್ದೆ ಹೋಗುತ್ತದೆ. ಬದಲಾಯಿಸಬಹುದಿತ್ತು, ನಿಜ. ಆದರೆ ಎಚ್ಚರವಾಗಿರುವ ಮನುಷ್ಯ ಪಕ್ಕದಲ್ಲೇ ಕೂತಿರುವಾಗ ಅದರ ಅಗತ್ಯವೇನು?

“ಆಗಾಗ ಮೌಸ್ ಅಲ್ಲಾಡಿಸ್ತಾ ಇರಿ. ಬೇರೇನೂ ಮಾಡ್ಬೇಡಿ,” ಎಂದಳು ಬುಧವಾರ, ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡು.

“ಅದೂ ಒಂದು ಕೆಲಸವೇನೆ?” ಎಂದೆ ನಾನು.

ಕ್ಲಾಸು ಶುರುವಾಯಿತು. ಗ್ರೈಂಡರಿನ ಪುಸ್ತಕ ಕಳಿಸಿ, ಮೌಸ್ ಮೇಲೆ ಕೈಯಿಟ್ಟು ಕೂತೆ. ಕಿಟಕಿಯ ಪರದೆ ಗಾಳಿಗೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಬಿಸಿಲಿನ ಪಟ್ಟಿಯಲ್ಲಿ ಧೂಳು ತೇಲುತ್ತಿತ್ತು, ಎಲ್ಲಿಗೂ ಹೋಗುವ ಅವಸರವಿಲ್ಲದೆ. ಹಾಲಿನಿಂದ ಅವಳ ದನಿ ಬರುತ್ತಿತ್ತು. ಬಟ್ಟೆಯನ್ನು ಎಳೆಯಬಾರದಂತೆ, ಅದರ ಪಾಡಿಗೆ ಅದು ಬೀಳಲು ಬಿಡಬೇಕಂತೆ, ಅದು ಯಾವ ಕಡೆ ವಾಲುತ್ತದೋ ನೋಡಿ ಆಮೇಲೆ ಸೀಮೆಸುಣ್ಣ ಮುಟ್ಟಬೇಕಂತೆ. ಇಷ್ಟು ವರ್ಷ ಜೊತೆಗಿದ್ದೂ ಅವಳ ದನಿ ಇಷ್ಟು ಇಂಪೆಂದು ನನಗೆ ಗೊತ್ತೇ ಇರಲಿಲ್ಲ. ಕೇಳುತ್ತ ಕೇಳುತ್ತ ನಾನೂ ನನ್ನ ಪಾಡಿಗೆ ಬೀಳತೊಡಗಿದೆ.

ನೀಲಿ ವೈರು ಕಿಟಕಿಯಿಂದಾಚೆ ಹೊರಟಿತು. ಎದುರು ಮನೆಯ ತಾರಸಿ ದಾಟಿ, ಅಂಚೆ ಕಚೇರಿಯ ಮೇಲೆ ಹಾದು, ಮನೆಯಿಂದ ಮನೆಗೆ ಹೋಯಿತು. ಇಡೀ ಊರಿಗೆ ನನ್ನ ಮೂಲಕವೇ ಇಂಟರ್ನೆಟ್! ಬಾಲ್ಕನಿಗಳಲ್ಲಿ ನಿಂತು ಜನ ಕೈಬೀಸುತ್ತಿದ್ದರು. ವೈರಿನುದ್ದಕ್ಕೂ ಅಮ್ಮನ ಟವೆಲ್ಲುಗಳು ಮೆಲ್ಲಗೆ ಹಾರಾಡುತ್ತಿದ್ದವು. ರೂಟರ್ ಮಾಡುವವರೆಲ್ಲ ಅಂಗಡಿ ಮುಚ್ಚಿ, ಭಾವಮೈದುನನ ಮುಂದಾಳುತನದಲ್ಲಿ ಸಾಲಾಗಿ ಬಂದು ಕ್ಷಮೆ ಕೇಳಿದರು. ದೊಡ್ಡ ಮನಸ್ಸು ಮಾಡಿ ಎಲ್ಲರನ್ನೂ ಕ್ಷಮಿಸಿದೆ. ಎಲ್ಲೋ ದೂರದಿಂದ ಒಂದು ಹೆಣ್ಣುದನಿ, ಕೇಳಿಸ್ತಿದೆಯಾ, ನಾನು ಹೇಳೋದು ಕೇಳಿಸ್ತಿದೆಯಾ ಎಂದು ಮತ್ತೆ ಮತ್ತೆ ಕೇಳುತ್ತಿತ್ತು.

“ಚೆನ್ನಾಗಿ ಕೇಳಿಸ್ತಿದೆ,” ಎಂದೆ ನಾನು ಜೋರಾಗಿ.

ಆ ಹೊತ್ತಿಗೆ ಅವಳ ಮಾತು ಕೇಳಿಸುತ್ತಿದ್ದದ್ದು ಜಗತ್ತಿನಲ್ಲಿ ನನಗೊಬ್ಬನಿಗೇ ಅಂತ ಆಮೇಲೆ ತಿಳಿಯಿತು.

“ರೀ.”

ಕಣ್ಣು ಬಿಟ್ಟೆ. ಮೌಸ್ ನನ್ನ ಕೈಯಲ್ಲೇ ಇತ್ತು, ಮಿಸುಕದೆ. ಎದುರಿನ ಪರದೆ ಕಪ್ಪಗಿತ್ತು. ಅವಳು ಕತ್ತರಿ ಹಿಡಿದು ನಿಂತಿದ್ದಳು. ಕೆನ್ನೆಯ ಮೇಲೆ ಸೀಮೆಸುಣ್ಣದ ಗೆರೆ, ಕಣ್ಣಲ್ಲಿ ನೀರು.

“ತೋಳು ಕತ್ತರಿಸೋ ಜಾಗಕ್ಕೆ ಬಂದಿದ್ದೆ. ಎಲ್ಲರೂ ಕತ್ತರಿ ತೆರೆದುಕೊಂಡು ಕೂತಿದ್ರು,” ಎಂದಳು ಮೆಲ್ಲಗೆ.

ಬೈದಿದ್ದರೆ ಚೆನ್ನಾಗಿತ್ತು. ನನಗೆ ಎಷ್ಟು ನಾಚಿಕೆಯಾಯಿತೆಂದರೆ, ಒಂದೇ ಸಮನೆ ಎಲ್ಲ ಗುಂಡಿಗಳನ್ನೂ ಒತ್ತಿದೆ. ಕಂಪ್ಯೂಟರು ಆಕಳಿಸಿ ಎದ್ದು ಪಾಸ್‌ವರ್ಡ್ ಕೇಳಿತು. ತಪ್ಪು ಹೊಡೆದೆ. ಮತ್ತೆ ತಪ್ಪು ಹೊಡೆದೆ. ಸ್ವಲ್ಪ ಹೊತ್ತು ಕಾಯಿರಿ ಎಂದು ಅದು ನನಗೇ ಬುದ್ಧಿ ಹೇಳಿತು. ಇದು ಈ ಮಾದರಿಯ ಯಂತ್ರಗಳಲ್ಲಿ ಸಹಜ ಎಂದು ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅವಳು ಮೇಜಿನ ಕೆಳಗೆ ನುಗ್ಗಿದ್ದಳು. ಕಂಪ್ಯೂಟರಿನ ಬೆನ್ನಿಗೇ ಇದ್ದ ಗೋಡೆಯ ಡಬ್ಬಿಯಿಂದ ನನ್ನ ವೈರು ಕಿತ್ತಳು. ನನ್ನ ಕಂಪ್ಯೂಟರಿನ ಬೆನ್ನಿನಿಂದ ನೀಲಿ ವೈರು ಕಿತ್ತು ಅಲ್ಲಿಗೆ ಚುಚ್ಚಿದಳು. ಸೀರೆಗೆ ಅಂಟಿದ ಧೂಳು ಕೊಡವಿಕೊಂಡು ಹಾಲಿಗೆ ಓಡಿದಳು.

ಒಬ್ಬರೂ ಎದ್ದು ಹೋಗಿರಲಿಲ್ಲ. ಒಬ್ಬೊಬ್ಬರದೇ ದನಿ ಮರಳಿ ಬಂತು, ನನ್ನ ಉಸಿರೂ ಮರಳಿ ಬಂತು. ತೋಳಿನ ತಿರುವು ಕತ್ತರಿಸಿದ್ದಾಯಿತು. ಕ್ಲಾಸು ಮುಗಿದಾಗ ಎಲ್ಲರೂ ನಾಳೆಗೂ ಬರುತ್ತೇವೆ ಅಂದರು. ಅವರಲ್ಲೊಬ್ಬಳು ಮಾತ್ರ ಅನುಮಾನದಿಂದ ಕೇಳಿದಳು:

“ಮಧ್ಯೆ ಏನಾಗಿತ್ತು ಟೀಚರ್? ನಾಳೆನೂ ಹೀಗೇ ನಿಂತುಹೋಗುತ್ತಾ?”

“ಇಲ್ಲಮ್ಮ,” ಎಂದಳು ನನ್ನ ಹೆಂಡತಿ. “ಇವತ್ತು ಇಂಟರ್ನೆಟ್ ನಮ್ಮನೆಯವರ ಮೂಲಕ ಬರ್ತಿತ್ತು. ನಾಳೆಯಿಂದ ಗೋಡೆಯಿಂದಲೇ ಬರುತ್ತೆ. ಗೋಡೆ ಎಚ್ಚರವಾಗಿರುತ್ತೆ.”