ಇಲ್ಲದ ಕೋಳಿಗಳೆಲ್ಲ ಹುಜೂರರವು

ಸುಳ್ಳು ಹೇಳಬಾರದು, ಕೋಳಿಯನ್ನೂ ಕೊಡಬಾರದು! ನಿಜಾಮರ ಸೀಮೆಯಲ್ಲಿ ಇವೆರಡನ್ನೂ ಒಟ್ಟಿಗೆ ಸಾಧಿಸಿದ ಮೊದಲ ವೀರ ನಾನೇ ಆಗಬೇಕೆಂದು ನಿಶ್ಚಯಿಸಿದೆ. ನಾರಾಯಣಖೇಡದಿಂದ ಕಂದಾಯ ತಪಾಸಣೆಯ ಗಿರ್ದಾವರ ಸಾಹೇಬರು ಊರೂರು ಸುತ್ತುತ್ತ ನಮ್ಮೂರಿಗೂ ದೌರೆ ಬರುವವರಿದ್ದರು. ಬಂದರೆಂದರೆ ಮನೆಗೊಂದು ಕೋಳಿ, ಪುಕ್ಕಟೆ! ನಮ್ಮಲ್ಲಿದ್ದುದು ಒಂದೇ: ಅತ್ತಿಗೆ ಮೋನಮ್ಮ ತವರಿನಿಂದ ಕಂಕುಳಲ್ಲಿಟ್ಟು ತಂದ ಚುಕ್ಕೆಕೋಳಿ.

"ಅದರ ಒಂದು ಪುಕ್ಕ ಹೋದ್ರೂ ನಿನಗ ಈ ಮನ್ಯಾಗ ರೊಟ್ಟಿಲ್ಲ, ನೋಡು!" ಎಂದಳು ಅತ್ತಿಗೆ.

ನಾನು ಶಾಲೆ ಬಿಟ್ಟವನು. ನಾಲ್ಕು ಜನರೆದುರು ಬಾಯಿ ತೆರೆಯಲು ನಾಚಿಕೆ. ಆದರೆ ಉರ್ದು ಶಾಲೆಯಲ್ಲಿ ಕೇಳಿದ ತರ್ಕಶಾಸ್ತ್ರ ತಲೆಯಲ್ಲಿತ್ತು. ಖಾಲಿ ಗುಂಪಿನ ವಿಷಯ ಏನೇ ಹೇಳಿ, ಸುಳ್ಳಾಗದು! ಕೊಂಬಿರುವ ಕತ್ತೆಗಳೆಲ್ಲ ಪಾರ್ಸಿ ಮಾತಾಡುತ್ತವೆ ಎನ್ನಿ. ಅಲ್ಲವೆನ್ನುವವನು ಪಾರ್ಸಿ ಬಾರದ ಕೊಂಬಿನ ಕತ್ತೆಯೊಂದನ್ನು ಹಿಡಿದು ತರಬೇಕು. ಎಲ್ಲಿಂದ ತಂದಾನು?

ಚುಕ್ಕೆಕೋಳಿಯನ್ನು ಕಲ್ಹೇರಿನ ಸೋದರತ್ತೆ ಶರಣಬಸಮ್ಮನ ಮನೆಯಲ್ಲಿ ಬಿಟ್ಟು ಬಂದೆ. ಬುಟ್ಟಿ ಎತ್ತಿ, ಅಟ್ಟ ಹತ್ತಿ ಮತ್ತೆ ನೋಡಿದೆ. ಗುಂಪು ಖಾಲಿ! ಸಾಹೇಬರು ಬಂದಿಳಿದ ಚಾವಡಿಗೆ ಹೋಗಿ, ಕಂಬವನ್ನೇ ನೋಡುತ್ತ ಹೇಳಿದೆ: "ನಮ್ಮ ಕೋಳಿಗೋಳೆಲ್ಲಾ ಹುಜೂರರವೇರಿ."

"ಶಾಬಾಶ್!" ಎಂದರು ಸಾಹೇಬರು. ನಮ್ಮ ಮನೆಗೆ ಹೋದ ಜವಾನ ಬರಿಗೈಯಲ್ಲಿ ಬಂದ.

"ಏನೋ, ಝೂಟ್ ಹೇಳ್ತಿ?"

"ಇಲ್ಲರಿ. ಇದ್ದವೆಲ್ಲಾ ನಿಮ್ಮವೇ. ಇದ್ದಿಲ್ಲ, ಅಷ್ಟೇರಿ."

ಸಾಹೇಬರಿಗೆ ಸಿಟ್ಟಿಗಿಂತ ನಗೆಯೇ ಬಂತು. "ಕೋಳಿ ಕೊಡದವರೆಲ್ಲಾ ನಮ್ಮ ಹಾಸಿಗಿ ಗಂಟು ಹೊರಬೇಕು!" ದುರ್ದೈವ! ಈ ಗುಂಪು ಖಾಲಿಯಿರಲಿಲ್ಲ. ಅದರಲ್ಲಿ ಒಬ್ಬನಿದ್ದ.

ಮುಂದಿನ ಮುಕ್ಕಾಂ ಕಲ್ಹೇರ್. ಗಂಟಿನಡಿಯಿಂದ ಇಣುಕಿದ ನನ್ನ ಮುಖ ಕಂಡು ಸೋದರತ್ತೆ ಓಡಿಬಂದಳು.

"ಅಯ್ಯಯ್ಯ, ನಮ್ಮ ಹುಡುಗ ಸರ್ಕಾರಿ ನೌಕರಿಗಿ ಸೇರ್ಯಾನ!"

ಆ ಸಂಭ್ರಮದಲ್ಲಿ ಒಳಗೆ ಹೋಗಿ ಚುಕ್ಕೆಕೋಳಿಯನ್ನೇ ತಂದು ಸಾಹೇಬರ ಮುಂದೆ ಹಿಡಿದಳು. "ತಗೋರಿ, ಇದು ಇವರ ಮನಿದೇ. ನೌಕರಿ ಕೊಟ್ಟೀರಿ, ಕೋಳಿ ಏನು ದೊಡ್ಡದು!" ಅವಳ ಸ್ವಂತ ಕೋಳಿಗಳು ಹಿತ್ತಲಲ್ಲಿ ನಿಶ್ಚಿಂತೆಯಿಂದ ಕೆದಕುತ್ತಿದ್ದವು.

ಸಾಹೇಬರು ನನ್ನತ್ತ ತಿರುಗಿದರು. "ನಿಮ್ಮದೇ?"

ಅಲ್ಲವೆಂದರೆ ಸುಳ್ಳು. ಹೌದೆಂದರೆ? 'ನಮ್ಮ ಮನೆಯೊಳಗಿನ ಕೋಳಿಗಳು' ಎನ್ನಬೇಕಾದಲ್ಲಿ 'ನಮ್ಮ ಕೋಳಿಗಳು' ಎಂದುಬಿಟ್ಟಿದ್ದೆ! ಕೋಳಿ ಊರು ಬಿಟ್ಟಿತ್ತು, ಗುಂಪು ಬಿಟ್ಟಿರಲಿಲ್ಲ.

"ಹೌದ್ರಿ."

"ಹಾಗಾದ್ರ ನಂದು! ನೀನೇ ಅಂದೀಯಲ್ಲ?"

ಮನೆಗೆ ಬಂದು ನಡೆದದ್ದನ್ನೆಲ್ಲ ತರ್ಕಸಹಿತ ಬಿಡಿಸಿ ಹೇಳಿದೆ. ಕೊಂಬಿನ ಕತ್ತೆಯನ್ನೂ ಬಿಡಲಿಲ್ಲ. ಅತ್ತಿಗೆ ಕೊನೆತನಕ ಕೇಳಿ, ಗಂಗಾಳ ತಂದು ಮುಂದಿಟ್ಟಳು.

"ಉಣ್ಣಪ್ಪಾ ಪಂಡಿತ! ಗಂಗಾಳದಾಗಿನ ರೊಟ್ಟಿಗೆಲ್ಲಾ ಬೆಣ್ಣಿ ಹಚ್ಚೀನಿ."

ಬಗ್ಗಿ ನೋಡಿದೆ. ಅವಳೂ ಸುಳ್ಳು ಹೇಳಿರಲಿಲ್ಲ.