ಫೋನ್ ಮಾಡದ ಪೆಂಚೊ

ಟೊಮೇಟೊ ಗಿಡಕ್ಕೆ ಬಿದ್ದ ಹುಳಕ್ಕೆ ಇಂಟರ್ನೆಟ್ಟಿನಲ್ಲಿ ಔಷಧಿ ಹುಡುಕಲು ಹೋಗಿ ಪೆಂಚೊ ಪೇಚಿಗೆ ಸಿಕ್ಕಿಕೊಂಡ. ಯಾವುದೋ ಪುಟ ಕೇಳಿತೆಂದು ತನ್ನ ಇಮೇಲ್ ವಿಳಾಸ ಬರೆದು ಗುಂಡಿ ಒತ್ತಿದ್ದೇ ತಡ, ಪರದೆ ಕೆಂಪಾಗಿ ಬೆಂಕಿ ಆರಿಸುವ ಗಾಡಿಯಂತೆ ಬೊಬ್ಬೆ ಹಾಕತೊಡಗಿತು. ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ! ತಕ್ಷಣ ಈ ನಂಬರಿಗೆ ಫೋನ್ ಮಾಡಿ!’

ಪೆಂಚೊ ಮೂವತ್ತೊಂದು ವರ್ಷ ಯಾಂಬೋಲ್ ಊರಿನ ರೈಲುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದವನು. ನಿದ್ದೆಯ ನಟನೆ ಮಾಡುವ ಪ್ರಯಾಣಿಕರನ್ನು ಎಬ್ಬಿಸಿ ಎಬ್ಬಿಸಿ ಅವನಿಗೆ ಇಡೀ ಮನುಷ್ಯಕುಲದ ಮೇಲೆಯೇ ಅನುಮಾನ. “ನನಗೇ ಟೋಪಿ ಹಾಕ್ತೀಯಾ?” ಎಂದು ಪರದೆಯನ್ನು ಗದರಿಸಿ, ಪ್ಲಗ್ಗನ್ನೇ ಕಿತ್ತ. ಕಿತ್ತಮೇಲೆ ನೆನಪಾಯಿತು. ಹನ್ನೊಂದು ವರ್ಷ ಒಂದೇ ಬೆರಳಲ್ಲಿ ಕೀಲಿ ಕುಟ್ಟಿ ಬರೆದ ರೈಲ್ವೆ ಬ್ಯಾಂಡಿನ ಚರಿತ್ರೆ ಅದರೊಳಗಿತ್ತು. ಬೇರೆ ಪ್ರತಿ ಇರಲಿಲ್ಲ.

ಬೊಬ್ಬೆ ಕೇಳಿ ಎದುರುಮನೆಯ ಸ್ತೋಯ್ಕಾ, ಸುಟ್ಟ ಮೆಣಸಿನಕಾಯಿಯ ಸಿಪ್ಪೆ ಮೆತ್ತಿದ ಕೈಯಲ್ಲೇ ಓಡಿಬಂದಳು.

“ಏನ್ ಪೆಂಚಣ್ಣ, ಮನೆಗೆ ಬೆಂಕಿ ಬಿತ್ತಾ?”

“ವೈರಸ್ಸು! ನಿನ್ನೆ ಈ ಕಂಪ್ಯೂಟರ್ ಮುಂದೆ ಕೂತಿದ್ದು ಯಾರು?”

“ನಾನೇ. ಬಸ್ಸಿನ ಟೈಮ್ ನೋಡಿದೆ. ಬಸ್ಸಿನ ಟೈಮಿಂದ ವೈರಸ್ ಬರುತ್ತಾ?”

“ಬರೋದಾದ್ರೆ ಹೇಳಿ ಬರುತ್ತಾ?”

ಸ್ತೋಯ್ಕಾ ಸಿಟ್ಟಾಗಲಿಲ್ಲ. ಮನೆಗೆ ಹೋಗಿ ಒಂದು ಪೆನ್‌ಡ್ರೈವ್ ತಂದಳು. “ಮೊದ್ಲು ನಿನ್ನ ಬ್ಯಾಂಡನ್ನ ಇದಕ್ಕೆ ಇಳಿಸ್ಕೋ. ಹೊಸದು, ಪ್ಯಾಕೆಟ್ಟೂ ಒಡೆದಿಲ್ಲ.”

“ಒಡೀದೆ ಇಟ್ಕೊಂಡಿದ್ಯಲ್ಲ, ಯಾಕೆ?” ಎಂದು ಪೆಂಚೊ ಅದನ್ನು ಬೆರಳ ತುದಿಯಿಂದ ಆಚೆ ತಳ್ಳಿದ.

ಅವಳು ಸುಮ್ಮನಿರದೆ ಬುರ್ಗಾಸ್ ಪಟ್ಟಣದಲ್ಲಿದ್ದ ಅವನ ಮಗಳು ರುಮ್ಯಾನಾಗೆ ಸುದ್ದಿ ಮುಟ್ಟಿಸಿದಳು. ಹತ್ತೇ ನಿಮಿಷದಲ್ಲಿ ಮಗಳ ಫೋನು.

“ಅಪ್ಪಾ, ಅದು ಬರೀ ಹೆದರಿಸೋ ಪುಟ. ನೀನು ಫೋನ್ ಮಾಡ್ಲಿಲ್ಲ ತಾನೆ? ಹಾಗಾದ್ರೆ ಏನೂ ಆಗಿಲ್ಲ. ಸಂಜೆ ಬರ್ತೀನಿ, ಅಲ್ಲೀವರೆಗೆ ಏನನ್ನೂ ತೆರೀಬೇಡ.”

ಧ್ವನಿ ಥೇಟ್ ಮಗಳದೇ. ಪೆಂಚೊನ ಅನುಮಾನಕ್ಕೆ ಅಷ್ಟು ಸಾಕಾಯಿತು. “ನನ್ನ ಮಗಳೇ ಆಗಿದ್ರೆ, ನನ್ನಜ್ಜಿ ಸಾಕಿದ ಆಡಿನ ಹೆಸರು ಹೇಳು ನೋಡೋಣ.”

“ಅದು ನಾನು ಹುಟ್ಟೋ ಮೊದ್ಲೇ ಸತ್ತಿತ್ತಲ್ಲಪ್ಪಾ!”

“ಸಿಕ್ಕಿಬಿದ್ಯಾ!” ಎಂದು ಪೆಂಚೊ ಫೋನ್ ಕುಕ್ಕಿದ.

ಮಧ್ಯಾಹ್ನದ ಹೊತ್ತಿಗೆ ತಡೆಯಲಾಗದೆ ಕಂಪ್ಯೂಟರ್ ಹಾಕಿ ನೋಡಿದ. ಎಲ್ಲ ಸರಿಯಾಗಿತ್ತು. ಬ್ಯಾಂಡಿನ ಚರಿತ್ರೆ ಒಂದಕ್ಷರ ಮುಕ್ಕಾಗದೆ ಕೂತಿತ್ತು. ಜೊತೆಗೆ ಒಂದು ಇಮೇಲೂ ಬಂದಿತ್ತು.

‘ಮಾನ್ಯರೇ, ಇಂದು ಬೆಳಿಗ್ಗೆ ಪರದೆಯ ಮೇಲೆ ಎಚ್ಚರಿಕೆ ಕಂಡರೂ ನೀವು ಆ ನಂಬರಿಗೆ ಫೋನ್ ಮಾಡಲಿಲ್ಲ. ನಿಮ್ಮಂಥ ಚುರುಕು ನಾಗರಿಕರು ಅಪರೂಪ. ಕಂಪ್ಯೂಟರ್ ರಕ್ಷಣಾ ಮಂಡಳಿಯ ಅಭಿನಂದನಾ ಪತ್ರ ಇದರ ಜೊತೆಗಿದೆ.’

ಮೂವತ್ತೊಂದು ವರ್ಷದಲ್ಲಿ ಯಾರೂ ಪೆಂಚೊನನ್ನು ಹೊಗಳಿರಲಿಲ್ಲ. ಎರಡು ಸಲ ಒಬ್ಬನೇ ಓದಿಕೊಂಡ. ಮೂರನೆಯ ಸಲ ಸ್ತೋಯ್ಕಾಳನ್ನು ಕರೆದು ಕೂರಿಸಿ, ಗಟ್ಟಿಯಾಗಿ ಓದಿ ಹೇಳಿದ. “ನೋಡು, ಬೆಲೆ ಗೊತ್ತಿರೋರು ಇನ್ನೂ ಇದಾರೆ!” ಎಂದು ಕನ್ನಡಕ ಒರೆಸಿಕೊಂಡು ಅಭಿನಂದನಾ ಪತ್ರವನ್ನು ತೆರೆದ.

ಪರದೆ ಕಪ್ಪಾಯಿತು. ಈ ಸಲ ಬೊಬ್ಬೆಯಿಲ್ಲ, ಗದ್ದಲವಿಲ್ಲ. ‘ನಿಮ್ಮ ಫೈಲುಗಳಿಗೆಲ್ಲ ಬೀಗ ಹಾಕಿದ್ದೇವೆ. ಬೀಗದ ಕೈ ಬೇಕಿದ್ದರೆ ದುಡ್ಡು ಕಳಿಸಿ.’

“ಅಯ್ಯೋ, ಮಂಡಳಿಯೋರೇ ಹೀಗೆ ಮಾಡಿದ್ರೆ...” ಪೆಂಚೊ ತೊದಲಿದ.

ಸ್ತೋಯ್ಕಾ ಪರದೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು.

“ಅಲ್ಲ ಪೆಂಚಣ್ಣ, ನೀನು ಫೋನ್ ಮಾಡ್ಲಿಲ್ಲ ಅಂತ ಗೊತ್ತಾಗೋದು ಯಾರಿಗೆ? ನಿನ್ನ ಫೋನಿಗೆ ಕಾಯ್ತಾ ಕೂತಿದ್ದೋರಿಗೆ ತಾನೆ?”