ಬುತ್ತಿ ಬೇಡವೆನ್ನುವ ಪದಕ್ಕೆ ಅರ್ಥ ಹೇಳಿದ್ದು

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಪದ್ಯದಲ್ಲಿ ಬಂದ ಯಾವ ವಸ್ತುವನ್ನೂ ಅವನು ಅದರ ಪಾಡಿಗೆ ಬಿಡಲಾರ. ದೀಪ ಕಂಡರೆ ಜ್ಞಾನ ಎನ್ನುತ್ತಾನೆ, ಹೊಳೆ ಕಂಡರೆ ಸಂಸಾರ ಎನ್ನುತ್ತಾನೆ, ಹಕ್ಕಿ ಹಾರಿತೋ ಜೀವ ಹೋಯಿತೆಂದೇ ತಿಳಿಯುತ್ತಾನೆ. ಜಹೀರಾಬಾದಿನ ಶಾಲೆಯಲ್ಲಿ ಇದನ್ನೇ ಹೇಳಿಕೊಂಡು ನನ್ನ ತಲೆ ನರೆತಿದೆ. ಹಿಂದಿನ ಬೆಂಚಿನವರು ಆಕಳಿಸುತ್ತಾರೆ, ಮುಂದಿನವರು ಬರೆದುಕೊಳ್ಳುತ್ತಾರೆ, ನಂಬುವವರು ಮಾತ್ರ ಯಾರೂ ಇಲ್ಲ. ಮನೆಯಲ್ಲಂತೂ ಕೇಳುವುದೇ ಬೇಡ. "ಎಣ್ಣಿ ತೀರ್ಯದ ಅಂದ್ರ ಎಣ್ಣಿ ತೀರ್ಯದ ಅಂತೇ ಅರ್ಥರಿ, ಡಬ್ಬಿ ತಗೊಂಡು ನಡೀರಿ" ಎನ್ನುತ್ತಾಳೆ ಹೆಂಡತಿ.

ಯಾರಿಗೂ ಬೇಡವಾದ ಈ ವಿದ್ಯೆ ಕಳೆದ ಚಳಿಗಾಲದಲ್ಲಿ ಒಮ್ಮೆ ಬೇಕಾಯಿತು. ನಾರಾಯಣಖೇಡದಲ್ಲಿ ತೊಗರಿ ವ್ಯಾಪಾರ ಮಾಡುತ್ತಿದ್ದ ನಮ್ಮ ಭಾವ, ಅಂದರೆ ಅಕ್ಕನ ಗಂಡ, ಹಾಸಿಗೆ ಹಿಡಿದಿದ್ದರು. ಹೈದರಾಬಾದಿನ ಡಾಕ್ಟರು, ಮನೆಗೆ ಕರೆದುಕೊಂಡು ಹೋಗಿ, ಬಾಯಿಗೆ ಬೇಕಾದ್ದು ಕೊಡಿ ಎಂದರು. ಆ ಮಾತಿನ ಅರ್ಥ ಬಿಡಿಸಲು ಕನ್ನಡ ಮಾಸ್ತರು ಬೇಕಾಗಲಿಲ್ಲ. ಆದರೆ ಇಂಥದ್ದನ್ನು ರೋಗಿಗೆ ಹೇಳಬಾರದೆಂಬುದು ನಮ್ಮ ಕಡೆಯ ಪದ್ಧತಿ. ಊರಿಗೆಲ್ಲ ಗೊತ್ತಿರುತ್ತದೆ, ಹಾಲು ತರುವವನಿಗೂ ಗೊತ್ತಿರುತ್ತದೆ, ಸಾಯುವವನಿಗೆ ಮಾತ್ರ ಗ್ಯಾಸ್ ಆಗಿದೆ ಎಂದು ಹೇಳಿರುತ್ತೇವೆ.

ಭಾವ ಭಜನಾ ಮೇಳದ ಮುಂದಾಳು. ಊರಲ್ಲಿ ಯಾರೇ ಹೋಗಲಿ, ಹೆಣ ಕೂರಿಸಿದ ವಿಮಾನದ ಮುಂದೆ ತಾಳ ಹಿಡಿದು ಒಂದು ಹಳೆಯ ಪದ ಹಾಡುತ್ತಿದ್ದರು. ಅಂಗಳಕ್ಕೆ ಗಾಡಿ ಬಂದು ನಿಂತಿದೆಯಂತೆ. ಒಂದು ಬಿಳಿ ಎತ್ತು, ಒಂದು ಕರಿ ಎತ್ತು, ಹೊಡೆಯುವವನು ಮಾತ್ರ ಕಾಣುವುದಿಲ್ಲವಂತೆ. ಹೋಗುವ ಊರಲ್ಲಿ ಹಸಿವಿಲ್ಲ, ಬುತ್ತಿ ಕಟ್ಟಬೇಡ ಎಂದು ಕೊನೆಯ ನುಡಿ. ಈಗ ಮಲಗಿದಲ್ಲೇ ಅವರಿಗೆ ಆ ಪದದ ಅರ್ಥ ಬೇಕಾಯಿತು. "ಜಿಂದಗಿಭರ್ ಹಾಡೀನಿ, ಅರ್ಥ ಕೇಳಿಲ್ಲ. ಮಾಸ್ತರ್‌ಗ ಕರೀರಿ" ಎಂದರಂತೆ.

ಭಾನುವಾರ ಬಸ್ಸಿಳಿದು ಹೋದೆ. ಅಕ್ಕ ಬಾಗಿಲಲ್ಲೇ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ತಮ್ಮಾ, ಏನರ ಅರ್ಥ ಹೇಳು. ಸಾವು ಅಂತ ಮಾತ್ರ ಬಾಯಿಗಿ ತರಬ್ಯಾಡ. ಅವರಿಗಿ ಏನೂ ಗೊತ್ತಿಲ್ಲ."

ಅರ್ಧ ಊರನ್ನೇ ಈ ಪದ ಹಾಡಿ ಮಣ್ಣಿಗೆ ಕಳಿಸಿದ ಮನುಷ್ಯನಿಗೆ, ಇದು ಸಾವಿನ ಪದವಲ್ಲವೆಂದು ನಾನು ಒಪ್ಪಿಸಬೇಕಾಗಿತ್ತು!

ಭಾವನ ಹಾಸಿಗೆಯ ಪಕ್ಕ ಕೂತೆ. ಗಾಡಿಯೆಂದರೆ ಗುರುವಿನ ಕೃಪೆ ಎಂದೆ. ಎತ್ತುಗಳು ಹಗಲು ರಾತ್ರಿ ಎನ್ನಲು ಹೊರಟವನು, ಆಯುಷ್ಯದ ನೆನಪಾದೀತೆಂದು ಹೆದರಿ ಸುಖ ದುಃಖ ಎಂದೆ. ಭಾವ ತೊಗರಿ ಕಾಳನ್ನು ಹಲ್ಲಲ್ಲಿ ಕಡಿದು ಹಸಿಯೋ ಒಣಗಿದೆಯೋ ನೋಡುವ ಹಾಗೆ ಒಂದೊಂದೇ ಅರ್ಥವನ್ನು ಕಡಿದು ನೋಡಿದರು.

"ಅದೆಲ್ಲ ಆತು. ಬುತ್ತಿ ಯಾಕ ಬ್ಯಾಡ? ಜಹೀರಾಬಾದಿಗಿ ಹೋಗಿ ಸಂಜಿಗಿ ಬರ್ತೀನಂದ್ರೂ ನಿಮ್ಮಕ್ಕ ನಾಕು ರೊಟ್ಟಿ ಕಟ್ತಾಳ."

"ಅದು ಗುರುವಿನ ಮಠಕ್ಕ ಹೋಗೋ ಪದ, ಭಾವಾ. ಅಲ್ಲಿ ದಾಸೋಹ ಇರ್ತದಲ್ಲ. ದರ್ಶನ ಮಾಡಿ ತಿರುಗಿ ಬರೋ ಪದ."

ತಿರುಗಿ ಬರುವ ಮಾತು ಆ ಪದದಲ್ಲಿ ಎಲ್ಲೂ ಇಲ್ಲ. ಪರೀಕ್ಷೆಯಲ್ಲಿ ಯಾರಾದರೂ ಹಾಗೆ ಬರೆದಿದ್ದರೆ ಸೊನ್ನೆ ಸುತ್ತುತ್ತಿದ್ದೆ. ಭಾವ ನನ್ನ ಮುಖವನ್ನೇ ನೋಡಿದರು. ಆಮೇಲೆ ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ, "ಛಲೋ ಹೇಳ್ದಿ ಮಾಸ್ತರ್! ತಿರುಗಿ ಬರೋ ಪದ ಅದ!" ಎಂದರು. ನನ್ನ ಕೈ ಹಿಡಿದು, ದನಿ ತಗ್ಗಿಸಿ, "ಆಕೀಗಿ ಹಿಂಗೇ ಇರ್ಲಿ" ಎಂದರು.

ಕೆಮ್ಮು ಬಂದವನ ಹಾಗೆ ಎದ್ದು ಅಂಗಳಕ್ಕೆ ಹೋದೆ. ಆಮೇಲೆ ಪ್ರತಿ ಭಾನುವಾರ ಅವರು ಗಟ್ಟಿಯಾಗಿ ಅರ್ಥ ಕೇಳುವುದು, ನಾನು ಅದೇ ಸುಳ್ಳನ್ನು ಗಟ್ಟಿಯಾಗಿ ಹೇಳುವುದು, ಒಳಗೆ ಅಕ್ಕನ ರೊಟ್ಟಿ ಬಡಿಯುವ ಸದ್ದು ಸ್ವಲ್ಪ ಹೊತ್ತು ನಿಲ್ಲುವುದು. ನನ್ನ ಪಾಠ ಇಷ್ಟು ಚೆನ್ನಾಗಿ ಎಂದೂ ನಡೆದಿರಲಿಲ್ಲ, ನಾನು ಇಷ್ಟು ಸೋತೂ ಇರಲಿಲ್ಲ.

ಶಿವರಾತ್ರಿಯವರೆಗೂ ಭಾವ ಉಳಿಯಲಿಲ್ಲ. ಮೇಳದವರಿಗೆ ಹಾಡು ಎತ್ತಿಕೊಡುವವರಿಲ್ಲ. "ಅರ್ಥ ಗೊತ್ತಿದ್ದವರು ನೀವೇ ಅಲ್ರಿ" ಎಂದು ತಾಳವನ್ನು ನನ್ನ ಕೈಗೆ ತುರುಕಿದರು. ನನಗೆ ತಾಳವೂ ಇಲ್ಲ, ರಾಗವೂ ಇಲ್ಲ. ಗಾಡಿ ಅಂಗಳಕ್ಕೆ ಬಂದು ನಿಲ್ಲುವ ನುಡಿಯಲ್ಲಿದ್ದೆ, ಅಕ್ಕ ಒಳಗಿನಿಂದ ಬಂದು ಬಟ್ಟೆಯ ಗಂಟೊಂದನ್ನು ವಿಮಾನದಲ್ಲಿ ಕೂರಿಸಿದ್ದ ಭಾವನ ಮಡಿಲಲ್ಲಿ ಇಟ್ಟಳು. ರೊಟ್ಟಿ, ಶೇಂಗಾ ಚಟ್ನಿಯ ವಾಸನೆ ಬಂತು. ಹಿರಿಯರು ಮುಖ ಮುಖ ನೋಡಿಕೊಂಡರು.

"ಅಕ್ಕಾ, ಬುತ್ತಿ ಬ್ಯಾಡಂತ ಪದದಾಗೇ ಅದ" ಎಂದು ಪಿಸುಗುಟ್ಟಿದೆ.

"ಹೋಗಾಗ ಬ್ಯಾಡಂತ ಅದ. ತಿರುಗಿ ಬರಾಗ ಹಸಿವಿ ಆಗಲ್ಲೇನು? ನೀನೇ ಹೇಳಿದಿಯಲ್ಲ, ತಮ್ಮಾ."

ಇಷ್ಟು ವರ್ಷ ಪಾಠ ಹೇಳಿದ್ದಕ್ಕೆ, ನನ್ನ ಅರ್ಥವನ್ನು ಪೂರಾ ನಂಬಿದ ವಿದ್ಯಾರ್ಥಿ ಸಿಕ್ಕಿದ್ದು ಅವತ್ತೇ. ಸೊನ್ನೆ ಸುತ್ತಲು ನನಗೆ ಕೈ ಬರಲಿಲ್ಲ. ಕೊನೆಯ ನುಡಿಯನ್ನು ಬಿಟ್ಟು ಹಾಡಿದೆ.